ಸಿಟ್ಟಿನ ಲೆಕ್ಕ ಇಡುವ ಕೋತಿ

ಮ್ಯಾಂಕಿ ಎಂಬ ಕೋತಿಗೆ ಯಾಕಿಷ್ಟು ಸಿಟ್ಟು ಅಂತ ಪೋಕೆಮಾನ್ ಲೋಕದಲ್ಲಿ, ಅಂದರೆ ಊಹೆಯ ಪ್ರಾಣಿಗಳನ್ನು ಹಿಡಿದು ಕಾದಾಡಿಸುವ ಆ ವಿಡಿಯೋ ಆಟದಲ್ಲಿ, ಯಾರೂ ಕೇಳುವುದಿಲ್ಲ. ಕೇಳುವಷ್ಟು ಹೊತ್ತು ಅದರ ಮುಂದೆ ನಿಂತರೆ ತಾನೇ! ಅರ್ಧ ಮೀಟರ್ ಎತ್ತರ, 28 ಕಿಲೋ ತೂಕ, ಗುಂಡಗಿನ ಮೈ, ಕೆನೆ ಬಣ್ಣದ ರೋಮ, ಮುಖದ ನಡುವೆ ಹಂದಿಯ ಮೂತಿ. ಆಟದ ಅಧಿಕೃತ ಪಟ್ಟಿಯಲ್ಲೇ ಇದನ್ನು ಹಂದಿಕೋತಿ ಜಾತಿಗೆ ಸೇರಿಸಿದ್ದಾರೆ. ಹೀಗೆ ಕರೆಸಿಕೊಂಡ ಮೇಲೆ ಸಿಟ್ಟು ಬರದೆ ಇನ್ನೇನು ಬರುತ್ತದೆ ಅಂತ ನನಗೂ ಅನಿಸಿದ್ದಿದೆ. ಕೆಲವರಿಗೆ ಮೂಗಿನ ತುದಿಯಲ್ಲೇ ಕೋಪ ಅನ್ನುತ್ತೇವಲ್ಲ, ಇದಕ್ಕೆ ಆ ಮೂಗೂ ದೊಡ್ಡದು, ಜಾಗ ಬೇಕಾದಷ್ಟಿದೆ.

ಆಟದೊಳಗಿನ ಪ್ರಾಣಿಕೋಶವಾದ ಪೋಕೆಡೆಕ್ಸ್ ಒಂದು ಸುಳಿವು ಕೊಡುತ್ತದೆ. ಮ್ಯಾಂಕಿಯ ಮೈ ನಡುಗತೊಡಗಿ, ಮೂಗಿನ ಉಸಿರು ಒರಟಾದರೆ ಸಿಟ್ಟು ಬರುತ್ತಿದೆ ಅಂತ ತಿಳಿಯಬೇಕು. ಸರಿ, ತಿಳಿದುಕೊಂಡೆವು. ಆದರೆ ಮುಂದಿನ ಮಾತು ಏನೆಂದರೆ, ಆ ಸಿಟ್ಟು ನೆತ್ತಿಗೇರಲು ಕ್ಷಣವೂ ಬೇಡ, ಆದ್ದರಿಂದ ಯಾರೂ ತಪ್ಪಿಸಿಕೊಳ್ಳಲು ಆಗುವುದಿಲ್ಲ. ಹಾಗಿದ್ದರೆ ಸುಳಿವು ಕೊಟ್ಟದ್ದು ಯಾಕೆ ಸ್ವಾಮಿ?

ಈ ಪ್ರಾಣಿ ಹುಟ್ಟಿದ್ದು 1996ರ ಫೆಬ್ರುವರಿ 27ರಂದು, ಜಪಾನಿನಲ್ಲಿ ಬಂದ ಮೊದಲ ಎರಡು ಪೋಕೆಮಾನ್ ಆಟಗಳ ಜೊತೆಗೆ. ಒಂದು ರೆಡ್, ಇನ್ನೊಂದು ಗ್ರೀನ್. ಪೋಕೆಡೆಕ್ಸ್ ಪಟ್ಟಿಯಲ್ಲಿ ಮ್ಯಾಂಕಿಯ ನಂಬರ್ 56. ಅದು 28ನೇ ಲೆವೆಲ್‌ನಲ್ಲಿ ಬೆಳೆದು ಆಗುವ ಪ್ರೈಮೇಪ್‌ನದು 57. ಆ ಎರಡು ಆಟಗಳಲ್ಲಿ ಮ್ಯಾಂಕಿ ಕಾಡಿನಲ್ಲಿ ಸಿಗುತ್ತಿದ್ದದ್ದು ರೆಡ್‌ನಲ್ಲಿ ಮಾತ್ರ. ಗ್ರೀನ್ ಕೊಂಡವರು ರೆಡ್ ಇಟ್ಟುಕೊಂಡ ಗೆಳೆಯರನ್ನು ಹುಡುಕಿ, ಗೇಮ್ ಬಾಯ್‌ಗೆ ಕೇಬಲ್ ಹಾಕಿ, ಏನನ್ನಾದರೂ ಕೊಟ್ಟು ಇದನ್ನು ಪಡೆಯಬೇಕಿತ್ತು. ಅಂದರೆ ಆ ಲೋಕದ ಮಹಾ ಜಗಳಗಂಟ ಪ್ರಾಣಿ, ಜೊತೆಗಾರರಿಲ್ಲದವರಿಗೆ ಸಿಗುವಂತಿರಲಿಲ್ಲ.

ಎರಡು ವರ್ಷ ಕಳೆದು ಯೆಲ್ಲೋ ಎಂಬ ಆಟ ಬಂತು. ಅದರಲ್ಲಿ ಶುರುವಿಗೇ ಪಿಕಾಚು ಕೈಗೆ ಸಿಗುತ್ತದೆ. ಮುದ್ದು ಹೌದು, ಆದರೆ ಮೊದಲ ಪಂದ್ಯದ ಅಖಾಡ, ಅಂದರೆ ಜಿಮ್‌ನ ಬ್ರಾಕ್ ಮುಂದೆ ಅದರ ಮಿಂಚಿನ ಆಟ ನಡೆಯುವುದಿಲ್ಲ. ಬ್ರಾಕ್‌ನ ಜಿಯೋಡ್ಯೂಡ್, ಆನಿಕ್ಸ್ ಎರಡೂ ಕಲ್ಲು-ಮಣ್ಣಿನವು, ಕರೆಂಟು ತಾಗುವುದೇ ಇಲ್ಲ. ಆಟ ಮಾಡಿದವರು ಪಾಪ ಅಂದುಕೊಂಡರೋ ಏನೋ, ಶುರುವಿನ ದಾರಿಗಳಲ್ಲೇ ಮ್ಯಾಂಕಿಯನ್ನು ತಂದು ಬಿಟ್ಟರು. ಅದು ಕಲಿಯುವ ಲೋ ಕಿಕ್ ಎಂಬ ಒದೆತ ಕಲ್ಲಿನವರಿಗೆ ಚೆನ್ನಾಗಿ ತಾಗುತ್ತದೆ. ಪಿಕಾಚುವಿನ ಹೆಸರು ಎಲ್ಲೆಲ್ಲೂ ಮೆರೆಯಿತು. ಕಲ್ಲು ಒದ್ದವನು ಯಾರು ಅಂತ ಯಾರೂ ಜಾಸ್ತಿ ನೆನಪಿಟ್ಟುಕೊಳ್ಳಲಿಲ್ಲ. ಟೀವಿ ಸರಣಿಯಲ್ಲೂ ಅಷ್ಟೇ. ಆಶ್‌ನ (ಅವನೇ ಕಥಾನಾಯಕ) ಟೋಪಿ ಕಿತ್ತುಕೊಂಡು ಅವನನ್ನು ಕಾಡಿಸಿದ ಪ್ರಾಣಿ, ಮುಂದೆ ಅವನಿಗಾಗಿ ಒಂದು ದೊಡ್ಡ ಪಂದ್ಯವನ್ನೇ ಗೆಲ್ಲುತ್ತದೆ. ಗೆದ್ದ ಮೇಲೆ ಅದನ್ನು ಬೇರೊಬ್ಬ ತರಬೇತುದಾರನಿಗೆ ಒಪ್ಪಿಸಿ ಆಶ್ ಮುಂದೆ ನಡೆಯುತ್ತಾನೆ. ನನಗೆ ಆಗಲೇ ಅನಿಸಿತ್ತು, ಇದರ ಸಿಟ್ಟಿಗೆ ಕಾರಣ ಇಲ್ಲದೇ ಇಲ್ಲ.

ಪ್ರೈಮೇಪ್ ಒಂದು ಮೀಟರ್ ಎತ್ತರ, 32 ಕಿಲೋ. ಕೈಗೆ, ಕಾಲಿಗೆ ಲೋಹದ ಬಳೆ. ಹಣೆಯಲ್ಲಿ ಉಬ್ಬಿದ ನರ. ಕಣ್ಣಿಗೆ ಕಣ್ಣು ಸೇರಿಸಿದರೆ ಸಾಕು, ಅಟ್ಟಿಸಿಕೊಂಡು ಬರುತ್ತದೆ. ಸಿಟ್ಟು ಬಂದಾಗ ರಕ್ತ ಜೋರಾಗಿ ಹರಿದು ಮಾಂಸಖಂಡ ಗಟ್ಟಿಯಾಗುತ್ತವಂತೆ, ಅದೇ ಹೊತ್ತಿಗೆ ಬುದ್ಧಿ ಕಡಿಮೆಯಾಗುತ್ತದಂತೆ. ಇದೂ ಪೋಕೆಡೆಕ್ಸ್‌ನಲ್ಲೇ ಬರೆದಿರುವುದು, ನಾನು ಹೇಳಿದ್ದಲ್ಲ. ಆಟದಲ್ಲಿ ಪ್ರತಿ ಪ್ರಾಣಿಗೂ ಟೈಪ್ ಎಂಬ ಪಂಗಡ ಇದೆ, ಇದರದು ಫೈಟಿಂಗ್, ಅಂದರೆ ಗುದ್ದಾಟ. ಹೀಗಿರುವಾಗ ಫೈಟಿಂಗ್ ಟೈಪ್‌ನವರಿಗೆಲ್ಲ ಆಟ ಗೊತ್ತುಮಾಡಿರುವ ವೈರಿ ಯಾರು ಹೇಳಿ? ಸೈಕಿಕ್ ಟೈಪ್, ಅಂದರೆ ಮನಸ್ಸಿನ ಶಕ್ತಿಯವರು. ಅವರಲ್ಲಿ ಪ್ರಖ್ಯಾತ ಅಲಕಜಾಮ್. ಎರಡು ಕೈಯಲ್ಲಿ ಎರಡು ಚಮಚ, ತಲೆಯೊಳಗೆ 5,000 ಐಕ್ಯೂ. ಪ್ರೈಮೇಪ್ ಓಡಿ ಬರುವಷ್ಟರಲ್ಲಿ ಇದು ನಿಂತಲ್ಲೇ ನಿಂತು ಅದನ್ನು ಮಲಗಿಸಿರುತ್ತದೆ. ಸಿಟ್ಟಿನವನಿಗೆ ಇದಕ್ಕಿಂತ ದೊಡ್ಡ ಅವಮಾನ ಇಲ್ಲ. ತಿರುಗಿ ಕೂಗಾಡುವವನ ಜೊತೆ ಜಗಳ ಆಡಬಹುದು, ಚಮಚ ಹಿಡಿದು ಸುಮ್ನೆ ನಿಂತವನ ಜೊತೆ ಏನು ಆಡುವುದು?

ಸಿಟ್ಟನ್ನು ಆಟದ ನಿಯಮವಾಗಿ ಬರೆಯುವುದು ಸುಲಭವಲ್ಲ. ಬಲ ಎಷ್ಟು, ವೇಗ ಎಷ್ಟು ಅಂತ ಅಂಕಿ ಹಾಕಬಹುದು. ಸಿಟ್ಟಿಗೆ ಅಂಕಿ ಹಾಕುವುದು ಹೇಗೆ? ಥ್ರ್ಯಾಶ್ ಎಂಬ ಮೂವ್, ಅಂದರೆ ಹೊಡೆತದ ಪಟ್ಟು ನೋಡಿ. ಅದನ್ನು ಒಮ್ಮೆ ಒತ್ತಿದರೆ ಮುಗಿಯಿತು. ಎರಡು ಮೂರು ಸರದಿ ನಮ್ಮ ಪೋಕೆಮಾನ್ ತನ್ನಷ್ಟಕ್ಕೆ ಹೊಡೆಯುತ್ತಲೇ ಹೋಗುತ್ತದೆ, ಬೇಡ ಅಂದರೂ ನಿಲ್ಲುವುದಿಲ್ಲ, ಬೇರೆ ಯಾವ ಬಟನ್ನೂ ಕೆಲಸಕ್ಕೆ ಬರುವುದಿಲ್ಲ. ನಿಂತ ಮೇಲೆ ತಲೆ ಗಿರ್ರೆಂದು, ತನಗೇ ತಾನು ಹೊಡೆದುಕೊಳ್ಳುವ ಸ್ಥಿತಿ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೇ ಎಂಬ ಗಾದೆಯನ್ನು ಪ್ರೋಗ್ರಾಂ ಮಾಡಿ ಅಂದರೆ ಹೀಗೇ ಮಾಡಬೇಕು.

ಇದಕ್ಕಿಂತ ಚೆನ್ನಾಗಿರುವುದು ಎಬಿಲಿಟಿಗಳು. ಪ್ರೈಮೇಪ್‌ಗೆ ಮೂರು ಬಗೆಯ ಹುಟ್ಟುಗುಣ ಇರಬಹುದು, ಒಂದೊಂದು ಪ್ರಾಣಿಗೆ ಒಂದೊಂದು. ಮೊದಲನೆಯದು ವೈಟಲ್ ಸ್ಪಿರಿಟ್. ಇದಿದ್ದರೆ ಆ ಪ್ರಾಣಿಗೆ ನಿದ್ದೆಯೇ ಬರುವುದಿಲ್ಲ. ಜಿಗ್ಲಿಪಫ್ ಬಂದು ಎಷ್ಟು ಜೋಗುಳ ಹಾಡಿದರೂ ಕಣ್ಣು ಮುಚ್ಚುವುದಿಲ್ಲ. ಆಟದ ಲೆಕ್ಕದಲ್ಲಿ ಇದು ಅನುಕೂಲ. ಆದರೆ ಸಿಟ್ಟು ಮಾಡಿಕೊಂಡು ರಾತ್ರಿ ಮಲಗಿದ ಯಾರನ್ನೇ ಕೇಳಿ, ಅನುಕೂಲ ಅನ್ನುವುದಿಲ್ಲ. ಹಗಲು ಆಡದೇ ಉಳಿದ ಮಾತುಗಳೆಲ್ಲ ಒಂದು ಗಂಟೆಗೆ, ಎರಡು ಗಂಟೆಗೆ ಎಷ್ಟು ಚೆನ್ನಾಗಿ ಹೊಳೆಯುತ್ತವೆ ಅಲ್ವಾ?

ಎರಡನೆಯದು ಆ್ಯಂಗರ್ ಪಾಯಿಂಟ್. ಇದರವರು ಸಣ್ಣ ಪುಟ್ಟ ಏಟುಗಳನ್ನು ಸಹಿಸಿಕೊಂಡು ಹೋಗುತ್ತಾರೆ. ಆದರೆ ಎದುರಾಳಿಯ ಒಂದು ಏಟು ಮರ್ಮಕ್ಕೆ ಬಿತ್ತೋ, ಅಂದರೆ ಕ್ರಿಟಿಕಲ್ ಹಿಟ್ ಆಯಿತೋ, ಹೊಡೆಯುವ ಶಕ್ತಿ ಒಂದೇ ಸಲಕ್ಕೆ ತುತ್ತತುದಿಗೆ ಏರುತ್ತದೆ. ಮಾಮೂಲಿಗಿಂತ ನಾಲ್ಕು ಪಟ್ಟು! ನಡುವೆ ಮೆಟ್ಟಿಲೇ ಇಲ್ಲ. ಮೂರನೆಯದು ಡಿಫೈಯಂಟ್. ಇದರವರನ್ನು ಹೆದರಿಸಿ, ಕುಗ್ಗಿಸಿ ಬಲ ಕಡಿಮೆ ಮಾಡಲು ಹೋದರೆ, ಒಂದು ಹಂತ ಇಳಿಸಿದ ಕೂಡಲೇ ಹೊಡೆಯುವ ಶಕ್ತಿ ಎರಡು ಹಂತ ಏರುತ್ತದೆ. ಗುರಾಯಿಸಿ ಹೆದರಿಸುವುದನ್ನೇ ಕಸುಬು ಮಾಡಿಕೊಂಡಿರುವ ಪೋಕೆಮಾನ್‌ಗಳಿವೆ, ಅವಕ್ಕೆ ಈ ಕೋತಿ ಕಂಡರೆ ಆಗುವುದಿಲ್ಲ. ಈ ಮೂರೂ ಒಂದೇ ಕಾಲಕ್ಕೆ ಬಂದವಲ್ಲ, ಬೇರೆ ಬೇರೆ ವರ್ಷ ಬಂದ ಆಟಗಳಲ್ಲಿ ಒಂದೊಂದಾಗಿ ಸೇರಿದವು. ಅಂದರೆ ಅಲ್ಲಿ ಯಾರೋ ಕುಳಿತು ಈ ಪ್ರಾಣಿಯ ಸಿಟ್ಟನ್ನು ವರ್ಷಗಟ್ಟಲೆ ಯೋಚಿಸಿದ್ದಾರೆ. ಸಿಟ್ಟಿನವರೆಲ್ಲ ಒಂದೇ ಅನ್ನುವವರು ಈ ಮೂವರನ್ನು ನೋಡಲಿ. ನನಗೆ ಭಯ ಎರಡನೆಯವರದ್ದು. ಯಾವ ಏಟು ಮರ್ಮಕ್ಕೆ ಬೀಳುತ್ತದೆ ಅಂತ ಹೊಡೆಯುವವನಿಗೂ ಮೊದಲೇ ಗೊತ್ತಿರುವುದಿಲ್ಲ.

ಯೆಲ್ಲೋದಲ್ಲಿ ಇನ್ನೊಂದು ಮಾತು ಬರೆದಿದ್ದಾರೆ. ಸುತ್ತ ಯಾರೂ ಇಲ್ಲದಾಗ ಮಾತ್ರ ಪ್ರೈಮೇಪ್‌ನ ಸಿಟ್ಟು ಇಳಿಯುತ್ತದೆ, ಆ ಗಳಿಗೆಯನ್ನು ನೋಡುವುದು ಬಹಳ ಕಷ್ಟ. ಕಷ್ಟವೇ ಸರಿ! ನೋಡುವವನು ಬಂದ ಕೂಡಲೇ ಯಾರೂ ಇಲ್ಲದ ಜಾಗ ಹೋಯಿತಲ್ಲ. ಹಾಗಾದರೆ ಇದನ್ನು ಪೋಕೆಡೆಕ್ಸ್‌ಗೆ ಬರೆದವರು ಯಾರು? ಯಾವುದೋ ಪೊದೆಯ ಹಿಂದೆ ಉಸಿರು ಬಿಗಿಹಿಡಿದು ಕುಳಿತ ಸಂಶೋಧಕ ಇರಬೇಕು. ನೋಡಿ ಬರೆದುಕೊಂಡ ಮೇಲೆ ಅವನ ಗತಿ ಏನಾಯಿತು ಅಂತ ಆಟ ಹೇಳುವುದಿಲ್ಲ. ಒಬ್ಬನೇ ಇದ್ದಾಗ ಇಳಿಯುವ ಸಿಟ್ಟು ಬರೀ ನಾಟಕ ಅಂತ ವಾದಿಸುವವರು ಇರಬಹುದು. ನಾನು ಒಪ್ಪುವುದಿಲ್ಲ. ಮ್ಯಾಂಕಿಯಾಗಿದ್ದಾಗಿನಿಂದ ಎದುರಿಗೆ ಬಂದವರೆಲ್ಲ ಇದನ್ನು ಹಿಡಿಯಲು ಅಥವಾ ಹೊಡೆಯಲು ಬಂದವರೇ. ನಮ್ಮ ಕೈಯಲ್ಲಿರುವ, ಪ್ರಾಣಿಯನ್ನು ಒಳಗೆ ಹಿಡಿದಿಡುವ ಆ ಕೆಂಪು-ಬಿಳಿ ಚೆಂಡು ಕೂಡ ಅದಕ್ಕೇ ತಾನೇ?

2016ರಲ್ಲಿ ಸನ್, ಮೂನ್ ಆಟಗಳು ಬಂದಾಗ ಪೋಕೆಡೆಕ್ಸ್ ಇದ್ದಕ್ಕಿದ್ದ ಹಾಗೆ ಗಂಭೀರವಾಯಿತು. ಪ್ರೈಮೇಪ್ ಸಿಟ್ಟಿನ ಭರದಲ್ಲಿ ಸತ್ತದ್ದೂ ಉಂಟಂತೆ, ಸತ್ತಾಗ ಮಾತ್ರ ಮುಖ ಶಾಂತವಾಗಿರುತ್ತದಂತೆ. ಮಕ್ಕಳ ಆಟದಲ್ಲಿ ಇದೇನಪ್ಪಾ ಅಂತ ಓದಿದವರು ಹುಬ್ಬೇರಿಸಿದರು. ಆರು ವರ್ಷ ಏನೂ ಆಗಲಿಲ್ಲ. 2022ರ ನವೆಂಬರ್ 18ರಂದು ಸ್ಕಾರ್ಲೆಟ್, ವಯಲೆಟ್ ಬಂದವು. ಅದರಲ್ಲಿ ಪ್ರೈಮೇಪ್ ಇನ್ನೊಂದು ಹಂತ ಬೆಳೆಯಿತು. ಹೆಸರು ಅನಾಯಲೇಪ್, ನಂಬರ್ 979. ಟೈಪ್ ಫೈಟಿಂಗ್ ಮತ್ತು ಘೋಸ್ಟ್, ಅಂದರೆ ದೆವ್ವ. ಕೈಕಾಲಿನ ಬಳೆಗಳು ಮುರಿದಿವೆ, ಕೂದಲು ಬೂದಿ ಬಣ್ಣಕ್ಕೆ ತಿರುಗಿದೆ. ಸಿಟ್ಟು ಮಿತಿ ಮೀರಿದಾಗ ಮೈಯ ಕಟ್ಟುಪಾಡೇ ಇಲ್ಲದ ಶಕ್ತಿ ಸಿಕ್ಕಿತು ಅಂತ ಪೋಕೆಡೆಕ್ಸ್ ಹೇಳುತ್ತದೆ. ಸತ್ತಿತು ಅಂತ ಎಲ್ಲೂ ನೇರವಾಗಿ ಹೇಳಿಲ್ಲ. ಹೇಳಬೇಕಾದ ಅಗತ್ಯವೂ ಇಲ್ಲ.

ಇದರ ವಿಶೇಷ ಏಟು ರೇಜ್ ಫಿಸ್ಟ್. ಶುರುವಿನಲ್ಲಿ ಅದರ ಬಲ ಬರೀ 50, ಹೇಳಿಕೊಳ್ಳುವಂಥದ್ದಲ್ಲ. ಆದರೆ ಈ ಕೋತಿ ಒಂದೊಂದು ಏಟು ತಿಂದಾಗಲೂ ಅದಕ್ಕೆ ಇನ್ನೊಂದು 50 ಸೇರುತ್ತದೆ. ಆರು ಏಟು ತಿಂದರೆ 350, ಅಲ್ಲಿಗೆ ಮಿತಿ. ಮೊದಲು ಓದಿದಾಗ ಓಹೋ ಅಂದುಕೊಂಡು ಮುಂದೆ ಹೋಗುವಂಥ ನಿಯಮ. ಆದರೆ ಚಿಕ್ಕದೊಂದು ಷರತ್ತು ಇದೆ. ಈ ಆಟದಲ್ಲಿ ಕಾದಾಟದ ನಡುವೆ ಪೋಕೆಮಾನನ್ನು ಹಿಂದೆ ಕರೆಸಿಕೊಂಡರೆ ಏರಿಸಿಕೊಂಡ ಬಲ, ಇಳಿದ ಬಲ ಎಲ್ಲ ಅಳಿಸಿಹೋಗುತ್ತದೆ. ಹೊಸದಾಗಿ ಬರಬೇಕು. ರೇಜ್ ಫಿಸ್ಟ್‌ನ ಲೆಕ್ಕ ಅಳಿಸುವುದಿಲ್ಲ. ಹಿಂದೆ ಹೋಗಿ, ಚೆಂಡಿನೊಳಗೆ ಕುಳಿತು, ಬೇರೆಯವರು ಕಾದಾಡಿ ಮುಗಿಸಿ, ಆಮೇಲೆ ಮತ್ತೆ ಬಂದಾಗ, ಮೊದಲು ಮೂರು ಏಟು ತಿಂದಿದ್ದರೆ ಅವು ಮೂರು ಏಟಾಗಿಯೇ ಇರುತ್ತವೆ. ಸಾಲದ ಪುಸ್ತಕದಲ್ಲಿ ಬರೆದಿಟ್ಟ ಹಾಗೆ. ಕೂಗಾಡುವ ಸಿಟ್ಟು ಥ್ರ್ಯಾಶ್‌ನಲ್ಲೇ ಮುಗಿದಿತ್ತು. ಇದು ಬೇರೆ ಬಗೆ, ನೆನಪಿಟ್ಟುಕೊಳ್ಳುವ ಸಿಟ್ಟು. 26 ವರ್ಷ ಬೇಕಾಯಿತು ಇದನ್ನು ನಿಯಮವಾಗಿ ಬರೆಯಲು.

ಪ್ರೈಮೇಪ್ ಹೀಗೆ ಬೆಳೆಯಬೇಕಾದರೆ ನಾವು ಮಾಡಬೇಕಾದ ಕೆಲಸ ಇನ್ನೂ ತಮಾಷೆಯದು. 35ನೇ ಲೆವೆಲ್‌ನಲ್ಲಿ ರೇಜ್ ಫಿಸ್ಟ್ ಕಲಿಸಿ, ಅದನ್ನು 20 ಸಲ ಹೊಡೆಸಿ, ಆಮೇಲೆ ಒಂದು ಲೆವೆಲ್ ಏರಿಸಬೇಕು. ಆದರೆ ಆ ಏಟನ್ನು ಮಾಮೂಲಾಗಿ 10 ಸಲ ಮಾತ್ರ ಹೊಡೆಯಬಹುದು. ಆದ್ದರಿಂದ ಹತ್ತು ಹೊಡೆದ ಮೇಲೆ ಈ ಉಗ್ರ ಪ್ರಾಣಿಯನ್ನು ಆಟದ ಆಸ್ಪತ್ರೆಯಾದ ಪೋಕೆಮಾನ್ ಸೆಂಟರ್‌ಗೆ ಕರೆದುಕೊಂಡು ಹೋಗಿ, ಸುಧಾರಿಸಿ, ಮತ್ತೆ ಕರೆತಂದು ಉಳಿದ ಹತ್ತು ಹೊಡೆಸುವುದು. ಸಿಟ್ಟು ತಾಳಲಾರದೆ ದೇಹವನ್ನೇ ದಾಟಿಹೋಗುವ ಜೀವಿಯ ಪಕ್ಕದಲ್ಲಿ, ನಾವು ಹನ್ನೊಂದು, ಹನ್ನೆರಡು, ಹದಿಮೂರು ಅಂತ ತಣ್ಣಗೆ ಎಣಿಸುತ್ತಿರುತ್ತೇವೆ. ನಡುವೆ ಫೋನ್ ಬಂದು ಲೆಕ್ಕ ತಪ್ಪಿದವರಿಗೆ ಬರುವ ಸಿಟ್ಟಿಗೆ ಮಾತ್ರ ಆಟದಲ್ಲಿ ಯಾವ ಉಪಯೋಗವೂ ಇಲ್ಲ.

ಘೋಸ್ಟ್ ಆದ ಮೇಲೆ ಲೆಕ್ಕಾಚಾರ ತಲೆಕೆಳಗಾಯಿತು. ಬೇರೆ ಫೈಟಿಂಗ್ ಪೋಕೆಮಾನ್‌ಗಳ ಗುದ್ದು ಅದರ ಮೈಯನ್ನು ದಾಟಿ ಆಚೆ ಹೋಗುತ್ತದೆ, ತಾಗುವುದೇ ಇಲ್ಲ. ಜೀವದ ಬಲ 65ರಿಂದ 110ಕ್ಕೆ ಏರಿತು, ಏಟು ತಿಂದು ಲೆಕ್ಕ ಬರೆದುಕೊಳ್ಳಲು ಅದು ಬೇಕೇ ಬೇಕು. ಎಲ್ಲಕ್ಕಿಂತ ಮಜಾ ಎಂದರೆ, ರೇಜ್ ಫಿಸ್ಟ್ ಘೋಸ್ಟ್ ಟೈಪ್‌ನ ಏಟು, ಘೋಸ್ಟ್ ಏಟು ಸೈಕಿಕ್‌ನವರಿಗೆ ದುಪ್ಪಟ್ಟು ತಾಗುತ್ತದೆ. ಮನಸ್ಸಿನ ಬಲದವರು ಈಗಲೂ ಇದನ್ನು ನೋಯಿಸಬಲ್ಲರು. ಆದರೆ ನಿಂತಲ್ಲೇ ನಿಂತು ನಿಶ್ಚಿಂತೆಯಿಂದ ಗೆಲ್ಲುವ ಕಾಲ ಮುಗಿಯಿತು.

ಸ್ಪರ್ಧೆಗೆ ಆಡುವವರು ಇದನ್ನು ಬೇಗ ಕಂಡುಕೊಂಡರು. ಸ್ಮೋಗನ್ ಎಂಬ ಅಭಿಮಾನಿಗಳ ಬಳಗ ಆನ್‌ಲೈನ್ ಪಂದ್ಯಗಳಿಗೆ ತಮ್ಮದೇ ದರ್ಜೆ ಪಟ್ಟಿ ಮಾಡಿಕೊಂಡಿದೆ. ಅವರು ಅನಾಯಲೇಪ್ ಅನ್ನು ಮಾಮೂಲಿ ದರ್ಜೆಯಿಂದ ಹೊರಗೆ ಹಾಕಿ, ಪುರಾಣದ ದೈತ್ಯರೆಲ್ಲ ಇರುವ ಉಬರ್ಸ್‌ಗೆ ಏರಿಸಿದರು. ಇದನ್ನು ಎದುರಿಸುವವರಿಗೆ ಕಷ್ಟ ಏನೆಂದರೆ, ಹೊಡೆಯದೆ ಗೆಲ್ಲುವಂತಿಲ್ಲ, ಹೊಡೆದರೆ ಬೆಳೆಯುತ್ತದೆ. ಸಣ್ಣ ಏಟುಗಳನ್ನು ಹಾಕುತ್ತಾ ಕುಳಿತವರು ಕೆಟ್ಟರು. ಒಂದೆರಡು ಏಟಿನಲ್ಲೇ ಕೆಲಸ ಮುಗಿಯಬೇಕು, ಇಲ್ಲವಾದರೆ ಕೆಣಕಬಾರದು.

ಈ ಗದ್ದಲದಲ್ಲಿ ಪ್ರೈಮೇಪ್‌ಗೂ ಒಂದು ಲಾಭ ಆಯಿತು. ಇವಿಯೊಲೈಟ್ ಅಂತ ಒಂದು ವಸ್ತು ಇದೆ. ಇನ್ನೂ ಬೆಳೆಯುವುದು ಬಾಕಿ ಇರುವ ಪೋಕೆಮಾನ್‌ಗಳು ಅದನ್ನು ಹಿಡಿದುಕೊಂಡರೆ ರಕ್ಷಣೆಯ ಬಲ ಒಂದೂವರೆ ಪಟ್ಟಾಗುತ್ತದೆ. ಪೂರ್ತಿ ಬೆಳೆದವರಿಗೆ ಅದರಿಂದ ಏನೂ ಇಲ್ಲ. 1996ರಿಂದ ಪ್ರೈಮೇಪ್ ಪೂರ್ತಿ ಬೆಳೆದ ದೊಡ್ಡವನೆಂದೇ ಎಲ್ಲರೂ ನಂಬಿದ್ದರು, ಹಾಗಾಗಿ ಅದನ್ನು ಕೊಡುವ ಮಾತೇ ಇರಲಿಲ್ಲ. ಈಗ ಕೊಡಬಹುದು, ಯಾಕೆಂದರೆ ಆಟದ ಪ್ರಕಾರ ಅದು ಇಷ್ಟು ವರ್ಷವೂ ಬೆಳೆಯುವ ವಯಸ್ಸಿನ ಹುಡುಗ. ಈ ವಿಷಯವನ್ನು ಅದಕ್ಕೆ ಯಾರು ಹೇಳುತ್ತಾರೋ ಹೇಳಲಿ, ನಾನಂತೂ ಹೇಳುವುದಿಲ್ಲ.