ಸ್ವಲ್ಪ ಮಾವಿನ ಎಲೆ

ಬೆಳಿಗ್ಗೆ ಆರೂವರೆಗೆ ಹಿಡಿಸೂಡಿ ಹಿಡಿದು ಅಂಗಳಕ್ಕಿಳಿದರೆ ಎಂಟಕ್ಕೆ ಮತ್ತೆ ಇಳಿಯಬೇಕು. ನಡುವೆ ಕಾಫಿ ಕುಡಿಯುವಷ್ಟು ಹೊತ್ತು ಮಾತ್ರ ಅಂಗಳ ಅಂಗಳದ ಹಾಗೆ ಕಾಣುತ್ತದೆ. ಮನೆಯ ಮುಂದೆ ಮಾವಿನ ಮರ ಇದ್ದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದೂ ಉಡುಪಿಯ ಮಳೆಯಲ್ಲಿ! ಬಿಸಿಲಿದ್ದರೆ ಎಲೆ ಹಿಡಿಸೂಡಿಯ ಮುಂದೆ ಓಡುತ್ತದೆ. ಮಳೆ ಬಂದರೆ ಅಂಚೆಚೀಟಿಯ ಹಾಗೆ ನೆಲಕ್ಕೆ ಅಂಟಿ ಕೂರುತ್ತದೆ. ಒಂದೊಂದನ್ನೇ ಉಗುರಲ್ಲಿ ಕೆದಕಿ ಎಬ್ಬಿಸಬೇಕು.

ಇಷ್ಟೇ ಆಗಿದ್ದರೆ ಸುಮ್ನಿರುತ್ತಿದ್ದೆ. ನಾನು ಸೊಂಟ ಬಗ್ಗಿಸಿದ ಕೂಡಲೇ ಆಚೆಮನೆಯ ಮಾಸ್ಟ್ರ ತಲೆ ಕಂಪೌಂಡಿನ ಮೇಲೆ ಮೂಡುತ್ತದೆ. "ಬಿಸಾಡ್ತೀರಾ? ಎಂಥ ಮಾರಾಯ್ರೆ! ಮಾವಿನ ಎಲೆ ಅಂದ್ರೆ ಔಷಧಿ." ರಿಟೈರ್ ಆದ ಮೇಲೆ ಅವರಿಗೆ ಉಳಿದಿರುವ ಒಬ್ಬನೇ ಶಿಷ್ಯ ನಾನು. ದಿನಕ್ಕೊಂದು ಪಾಠ. ಎಲೆ ಕುದಿಸಿ ಕುಡಿದರೆ ಸಕ್ಕರೆ ಕಾಯಿಲೆಗೆ ಒಳ್ಳೆಯದಂತೆ; ಅವರು ಮಾತ್ರ ಮಾತ್ರೆಯನ್ನೇ ನುಂಗುತ್ತಾರೆ. ಹೊಗೆ ಹಾಕಿದರೆ ಸೊಳ್ಳೆ ಓಡುತ್ತದಂತೆ. ಹಾಕಿದೆ. ಗಾಳಿ ತಿರುಗಿತು, ಕಣ್ಣುಜ್ಜಿಕೊಂಡು ಮಹಡಿಯ ಕಿಟಕಿ ಮುಚ್ಚಿದವರು ಅವರೇ. ಬಸಳೆಯ ಬುಡಕ್ಕೆ ಹಾಸಿ ಅಂದರು. ಅದೊಂದು ನಿಜಕ್ಕೂ ಒಳ್ಳೆಯ ಮಾತು. ತೇವ ನಿಲ್ಲುತ್ತದೆ, ಕಳೆ ಅಷ್ಟಾಗಿ ಏಳುವುದಿಲ್ಲ. ಆದರೆ ಮಾವಿನ ಎಲೆ ಚರ್ಮದ ಹಾಗೆ ಗಟ್ಟಿ. ಹೋದ ವರ್ಷದ್ದನ್ನು ಈಗಲೂ ಗುರುತು ಹಿಡಿಯಬಹುದು. ಚೂರು ಮಾಡಿ ಸೆಗಣಿ ನೀರು ಚಿಮುಕಿಸಿದರೆ ಬೇಗ ಕೊಳೆಯುತ್ತದೆ, ಸರಿ. ಸೆಗಣಿಗೆ ದನ ಬೇಕಲ್ವಾ?

ಅಂದ ಹಾಗೆ, ಮಾಸ್ಟ್ರ ಅಂಗಳಕ್ಕೆ ಇಂಟರ್‌ಲಾಕ್ ಹಾಸಿದೆ. ಅಲ್ಲೂ ಒಂದು ಮಾವಿನ ಮರ ಇತ್ತು. ಕಸ ಜಾಸ್ತಿ ಅಂತ ಕಡಿಸಿದರು.

ಕಳೆದ ತಿಂಗಳು ನನ್ನ ಬುದ್ಧಿ ಎಲ್ಲಿ ಹೋಗಿತ್ತೋ, ಹಲ್ಲುಜ್ಜುವ ಪಾಠಕ್ಕೆ ಒಪ್ಪಿಬಿಟ್ಟೆ. ನನಗೆ ಗೊತ್ತಿಲ್ಲದ ವಿದ್ಯೆಯೇನಲ್ಲ, ಅಜ್ಜ ಉಜ್ಜುತ್ತಿದ್ದದ್ದು ಅದರಲ್ಲೇ. ನಡುವಿನ ದಂಟು ಸಿಗಿದು ನಾಲಿಗೆ ಕೆರೆಯಲು ಇಟ್ಟುಕೊಳ್ಳುವುದು, ಎಲೆಯನ್ನು ಸುರುಳಿ ಸುತ್ತಿ, ತುದಿ ಜಗಿದು, ಹಲ್ಲಿಗೆ ತಿಕ್ಕುವುದು. "ನೆಲಕ್ಕೆ ಬಿದ್ದದ್ದು ಬೇಡ, ಮರದಲ್ಲೇ ಹಣ್ಣಾದದ್ದು ಆಗ್ಬೇಕು" ಎಂದು ಮಾಸ್ಟ್ರು ತಮ್ಮ ದೋಟಿಯನ್ನೂ ದಾಟಿಸಿದರು. ಕಂಪೌಂಡಿಗೆ ಮೊಣಕೈ ಊರಿ ಪರೀಕ್ಷೆಗೆ ನಿಂತರು.

ಎಳೆದೆ. ಹಳದಿ ಎಲೆ ಬಂತು. ಸುತ್ತಿದೆ. ಬಾಯಿಗಿಟ್ಟೆ. ಕೆಂಪಿರುವೆಗಳು ಎಲೆಗೆ ಎಲೆ ಹೊಲಿದು ಮಾವಿನ ಮರದಲ್ಲಿ ಮನೆ ಮಾಡುತ್ತವೆ ಅನ್ನುವುದು ನಮ್ಮ ಕಡೆ ಒಂದನೇ ಕ್ಲಾಸಿನ ಮಗುವಿಗೂ ಗೊತ್ತು. ಒಂದು ಮೇಲ್ತುಟಿಗೆ ಕಚ್ಚಿತು. ಇನ್ನೊಂದು ನಾಲಿಗೆಯ ತುದಿಗೆ. ಮೂರನೆಯದು ಎಲ್ಲಿ ಎಂದು ಹುಡುಕುವಾಗ ಅದು ಬನಿಯನ್ನಿನ ಒಳಗಿತ್ತು. "ಮೊದಲು ಸ್ವಲ್ಪ ಉರಿ ಆಗ್ತದೆ, ಆಮೇಲೆ ಅಭ್ಯಾಸ ಆಗ್ತದೆ" ಎಂದು ಮಾಸ್ಟ್ರು ಆಚೆಯಿಂದ ಧೈರ್ಯ ತುಂಬುತ್ತಿದ್ದರು. ನಾನು ಥೂ ಥೂ ಎಂದು ಕುಣಿಯುತ್ತಿರುವಾಗಲೇ ಮೀನಿನ ಅಕ್ಕ ಗೇಟಿನಲ್ಲಿ ಬುಟ್ಟಿ ಇಳಿಸಿ, "ಬಂಗುಡೆ ಬೇಕಾ?" ಕೇಳಿದರು. "ಬೇಡ" ಎಂದೆ. ಬಾತ ನಾಲಿಗೆಯಿಂದ ಹೊರಬಂದದ್ದು ಅವರಿಗೆ ಏನು ಕೇಳಿಸಿತೋ, ಇಪ್ಪತ್ತು ಎಣಿಸಿ ಹಾಕಿದರು. ಹೆಂಡತಿ ಆ ಇಡೀ ದಿನ ಇರುವೆಯ ಬಗ್ಗೆ ಏನೂ ಕೇಳಲಿಲ್ಲ. ಇಪ್ಪತ್ತು ಯಾಕೆ ಅಂತ ಮಾತ್ರ ಕೇಳಿದಳು.

ಅಜ್ಜಿ ಇದ್ದಾಗ ಈ ಎಲೆ ಯಾರಿಗೂ ಕಸವಾಗಿರಲಿಲ್ಲ. ಮೇ ಕೊನೆಗೆ, ಮಳೆ ಹಿಡಿಯುವ ಮೊದಲು ಬರುವ ಪತ್ತನಾಜೆಯ ಒಳಗೆ ತರಗೆಲೆ ಗುಡಿಸಿ, ಹೆಡಿಗೆಯಲ್ಲಿ ಹೊತ್ತು, ಕೊಟ್ಟಿಗೆಯ ಮೂಲೆ ತುಂಬಿಸುವುದು ಮಕ್ಕಳಾದ ನಮ್ಮ ಕೆಲಸ. ಮಳೆಗಾಲವಿಡೀ ಬಚ್ಚಲ ಒಲೆಗೆ ಅದೇ, ದನದ ಕಾಲಡಿಗೂ ಅದೇ. ಅಲ್ಲಿಂದ ಗೊಬ್ಬರವಾಗಿ ಗದ್ದೆಗೆ. ಹಂಡೆಯ ನೀರಿಗೆ ಒಂದು ಹೊಗೆಯ ವಾಸನೆ ಇರುತ್ತಿತ್ತು. ಶಾಲೆಗೆ ಹೋದ ಮೇಲೂ ಅಂಗಿಯಲ್ಲಿ ಅದು ಇರುತ್ತಿತ್ತು. ಈಗ ಗೀಸರ್ ಇದೆ. ಎಲೆ ಮೊದಲಿನಷ್ಟೇ ಬೀಳುತ್ತದೆ, ಹೋಗಲು ಜಾಗವಿಲ್ಲ. ಕಸದ ಗಾಡಿಯವರ ಪ್ರಕಾರ ಅದು ಹಸಿ ಕಸವೂ ಅಲ್ಲ, ಒಣ ಕಸವೂ ಅಲ್ಲ.

ಚೌತಿಯ ಮುನ್ನಾದಿನ ಮಾತ್ರ ಇದೇ ಎಲೆಗೆ ಎಲ್ಲಿಲ್ಲದ ಮರ್ಯಾದೆ. ಶಂಕರಪುರದ ಮಲ್ಲಿಗೆಗಾದರೆ ಲೆಕ್ಕ ಇದೆ, 4 ಚೆಂಡಿಗೆ 1 ಅಟ್ಟೆ. ಮಾವಿನ ಎಲೆಗೆ ಇರುವ ಅಳತೆ ಒಂದೇ, 'ಸ್ವಲ್ಪ'. ಸ್ವಲ್ಪ ಬಾಗಿಲಿಗೆ, ಸ್ವಲ್ಪ ಕಲಶಕ್ಕೆ, ಸ್ವಲ್ಪ ಮಗಳ ಫ್ಲ್ಯಾಟಿಗೆ ಎನ್ನುತ್ತಾ ಕೆಳಗಿನ ಕೊಂಬೆಯನ್ನು ಬೋಳಿಸಿ ಹೋಗುತ್ತಾರೆ. ಮಾಸ್ಟ್ರು ಗೋಣಿಚೀಲ ತಂದಿದ್ದರು.

ಹಬ್ಬ ಕಳೆದು ವಾರವಾಯಿತು. ಇವತ್ತು ಎಂಟು ಗಂಟೆಗೆ ಎರಡನೇ ಸಲ ಇಳಿದರೆ, ಆಗಷ್ಟೇ ಗುಡಿಸಿದ ಜಾಗದಲ್ಲಿ ಒಣಗಿ ಮುದುಡಿದ ತೋರಣ ಬಿದ್ದಿತ್ತು. ದಾರ ಸಮೇತ. ತಲೆ ಎತ್ತಿದೆ. ಕಂಪೌಂಡಿನ ಮೇಲೆ ಮಾಸ್ಟ್ರ ತಲೆ ಆಗಲೇ ಮೂಡಿತ್ತು.

"ನಿಮ್ಮದೇ ಮರದ್ದು ಮಾರಾಯ್ರೆ, ಬಿಸಾಡ್ಬೇಡಿ, ಬುಡಕ್ಕೆ ಹಾಕಿ. ದಾರ ಮಾತ್ರ ಬಿಚ್ಚಿ ಇತ್ಲಾಗಿ ಕೊಡಿ, ನವರಾತ್ರಿಗೆ ಬೇಕಾಗ್ತದೆ."