ಆರ್‌ಸಿಬಿ ಬಳ್ಳಾರಿಯವರ ತಂಡವೂ ಹೌದಾ?

ಪರ

ನನಗೆ ಪರವಾಗಿ ಬರೆಯಿರಿ ಅಂದರು, ಬರೆಯುತ್ತಿದ್ದೇನೆ. ವಿರೋಧ ಮಾಡೋಕೆ ಇದರಲ್ಲಿ ಏನಿದೆ ಅಂತ ನನಗಂತೂ ಹೊಳೆಯಲಿಲ್ಲ. ಐಪಿಎಲ್‌ನಲ್ಲಿ ಕರ್ನಾಟಕಕ್ಕೆ ಇರುವುದೇ ಒಂದು ತಂಡ. ರಾಯಚೂರಿನ ಗೆಳೆಯರು ಹೈದರಾಬಾದೇ ಹತ್ತಿರ ಅಂತ ಸನ್‌ರೈಸರ್ಸ್ ಕಡೆ ವಾಲುತ್ತಾರೆ. ದೂರ ನೋಡಿ ತಂಡ ಆರಿಸೋದಾದರೆ ಬಸ್ ಸ್ಟ್ಯಾಂಡಿನ ವಿಚಾರಣೆ ಕೌಂಟರಿನಲ್ಲಿ ಕೇಳಬೇಕಷ್ಟೆ.

2009, 2011, 2016. ಮೂರು ಸಲ ಫೈನಲ್‌ನಲ್ಲಿ ಸೋತರೂ ನಾವು ಬಿಡಲಿಲ್ಲ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬ್ ವಿರುದ್ಧ 6 ರನ್‌ನಿಂದ ಗೆದ್ದರಲ್ಲ, ಅವತ್ತು ನಮ್ಮ ಓಣಿಯಲ್ಲಿ ಮನೇಲಿ ತೆಲುಗು ಮಾತಾಡುವವರೂ ‘ಕಪ್ ನಮ್ದೇ’ ಅಂತ ಬೀದಿಗೆ ಬಂದಿದ್ದರು. ಇನ್ನೇನು ಪುರಾವೆ ಬೇಕು? ಕಪ್ ಗೆದ್ದ ಆ ತಂಡದಲ್ಲಿ ರಾಯಚೂರಿನ ಮನೋಜ್ ಭಾಂಡಗೆ ಕೂಡ ಇದ್ದರು. ನಮ್ಮ ಭಾಗದ ಹುಡುಗ, ಅಲ್ವಾ?

ಮರುದಿನ ಚಿನ್ನಸ್ವಾಮಿ ಹೊರಗೆ ಆದದ್ದನ್ನು ಎದುರಿನವರು ಎತ್ತುತ್ತಾರೆ, ಗೊತ್ತು. ಅದು ಬಂದೋಬಸ್ತಿನ ವಿಷಯ, ಅಭಿಮಾನದ್ದಲ್ಲ. ಇಷ್ಟು ಸಾಕು ಅನಿಸುತ್ತದೆ.

ವಿರೋಧ

ಒಬ್ಬ ಆಟಗಾರನ ಊರು ತೋರಿಸಿ ತಂಡವೇ ನಮ್ಮದು ಅನ್ನೋದು, ಮಂತ್ರಿ ಜೊತೆ ಸೆಲ್ಫಿ ತೆಗೆಸಿಕೊಂಡು ಸರ್ಕಾರವೇ ನಮ್ಮದು ಅಂದ ಹಾಗೆ. ಈ ತಂಡವನ್ನು 2008ರಲ್ಲಿ ಮದ್ಯದ ದೊರೆಯೊಬ್ಬರು 11 ಕೋಟಿ ಡಾಲರ್‌ಗೂ ಜಾಸ್ತಿ ಸುರಿದು ಕೊಂಡರು. ಇಟ್ಟ ಹೆಸರೂ ಅವರದೇ ವಿಸ್ಕಿಯದ್ದು. ಗೆದ್ದ ಮರುದಿನ ಆ ತಂಡವನ್ನು ನೋಡಲು ಹೋದ 11 ಜನ ಕಾಲ್ತುಳಿತದಲ್ಲಿ ಸತ್ತರು. ಪರ ಬರೆದವರು ಇದನ್ನು ಎಷ್ಟು ಸಾಲಿನಲ್ಲಿ ಮುಗಿಸಿದ್ದಾರೋ ನೋಡಬೇಕು.

ನಮ್ಮ ಹೆಸರಿನದೇ ಒಂದು ತಂಡ ಇತ್ತು, ಬಳ್ಳಾರಿ ಟಸ್ಕರ್ಸ್. 2019ರ ಕೆಪಿಎಲ್ (ಕರ್ನಾಟಕ ಪ್ರೀಮಿಯರ್ ಲೀಗ್) ಫೈನಲ್‌ನಲ್ಲಿ ಹುಬ್ಬಳ್ಳಿ ಟೈಗರ್ಸ್ ಎದುರು 8 ರನ್‌ನಿಂದ ಸೋತಿತು. ಆ ವರ್ಷದ ಮ್ಯಾಚ್‌ಗಳೆಲ್ಲ ನಡೆದದ್ದು ಬೆಂಗಳೂರು, ಮೈಸೂರಲ್ಲಿ. ಬಳ್ಳಾರಿ ಮಣ್ಣು ಆ ತಂಡದ ಬೂಟಿಗೂ ಮೆತ್ತಲಿಲ್ಲ. ಆಮೇಲೆ ಫಿಕ್ಸಿಂಗ್ ಕೇಸಾಯಿತು, ಲೀಗೇ ನಿಂತುಹೋಯಿತು. 2022ರಲ್ಲಿ ಮಹಾರಾಜ ಟ್ರೋಫಿ ಅಂತ ಹೊಸದು ಶುರುವಾದಾಗ ಆರು ತಂಡಗಳಲ್ಲಿ ಬಳ್ಳಾರಿ ಇಲ್ಲವೇ ಇಲ್ಲ. ಯಾರಾದರೂ ಬೀದಿಗೆ ಬಂದರಾ?

ಫುಟ್‌ಬಾಲ್‌ನಲ್ಲೂ ಇದೇ ಕಥೆ. ಬೆಂಗಳೂರು ಎಫ್‌ಸಿ ಹುಡುಗರ ಅಕಾಡೆಮಿ ನಮ್ಮ ಜಿಲ್ಲೆಯಲ್ಲೇ, ತೋರಣಗಲ್ಲು ಹತ್ತಿರದ ಜಿಂದಾಲ್‌ನವರ ಕ್ರೀಡಾ ಸಂಸ್ಥೆಯಲ್ಲಿ ಇದೆ. ನೀರಜ್ ಚೋಪ್ರಾ ಜಾವೆಲಿನ್ ಎಸೆದು ಅಭ್ಯಾಸ ಮಾಡಿದ ಜಾಗ ಅದು. ಬಿಸಿಲು ನಮ್ಮದು, ಹೆಸರು ಮಾತ್ರ ಬೆಂಗಳೂರಿನದು.

ಇನ್ನು ನಮ್ಮ ಮನೆ ಹತ್ತಿರದ ಮೈದಾನದ ವಿಷಯ. ಇವತ್ತು ಸಮಾವೇಶ, ನಾಳೆ ವಸ್ತುಪ್ರದರ್ಶನ, ದೀಪಾವಳಿಗೆ ಪಟಾಕಿ ಅಂಗಡಿ. ಪೆಂಡಾಲ್ ಕಿತ್ತವರು ಕಂಬ ಒಯ್ಯುತ್ತಾರೆ, ಗುಂಡಿ ಬಿಟ್ಟು ಹೋಗುತ್ತಾರೆ. ಬೆಳಿಗ್ಗೆ ಹುಡುಗರು ಬಾಂಡ್ಲಿಯಲ್ಲಿ ಮಣ್ಣು ತಂದು ತುಂಬುತ್ತಾರೆ, ಮೊಳೆ ಆರಿಸುತ್ತಾರೆ, ಹರಿದ ಮ್ಯಾಟ್ ಹಾಸಿ ಆಡುತ್ತಾರೆ. ನನ್ನ ಮಗಳು ಫಾಸ್ಟ್ ಬೌಲರ್. ಅವಳು ಓಡಿ ಬರುವ ದಾರಿಯಲ್ಲೇ ಒಂದು ಗುಂಡಿ, ಎಷ್ಟು ತುಂಬಿದರೂ ಮಳೆಗೆ ಕುಸಿಯುತ್ತದೆ. ಅದನ್ನು ತಪ್ಪಿಸಿ ತಪ್ಪಿಸಿ ವಾರೆಯಾಗಿ ಓಡೋದೇ ಅವಳಿಗೆ ಅಭ್ಯಾಸವಾಗಿಬಿಟ್ಟಿದೆ. ಸೆಲೆಕ್ಷನ್‌ಗೆ ಕರೆದುಕೊಂಡು ಹೋದಾಗ ಅಲ್ಲಿನ ಹುಲ್ಲಿನ ಮೈದಾನದಲ್ಲೂ ಹಾಗೇ ಓಡಿದಳು. ಕೋಚ್ ಒಬ್ಬರು ಬಗ್ಗಿ ನೆಲ ನೋಡಿ, ‘ಅಲ್ಲೇನಿದೆಯಮ್ಮಾ?’ ಅಂತ ಕೇಳಿದರು. ಅವಳು ಏನು ಹೇಳಿಯಾಳು? ಹೆಸರು ಪಟ್ಟಿಗೆ ಬರಲಿಲ್ಲ. ಆ ಒಂದೇ ಕಾರಣಕ್ಕೆ ಅಂತ ನಾನು ಹೇಳುತ್ತಿಲ್ಲ, ಆದರೂ ಹೊಟ್ಟೆ ಉರಿಯುತ್ತದೆ.

ಕಪ್ ಗೆದ್ದ ರಾತ್ರಿ ಪಟಾಕಿ ಚಂದಾ ಅಂದಾಗ ಪ್ರತಿ ಮನೆಯವರೂ ಕೊಟ್ಟರು, ನಾನೂ ಕೊಟ್ಟೆ. ಹೊಸ ಮ್ಯಾಟ್‌ಗೆ ಅಂತ ಅದೇ ಹುಡುಗರು ಬಂದಾಗ ಎಲ್ಲರಿಗೂ ಚಿಲ್ಲರೆ ಇರಲಿಲ್ಲ. ಈಗಲೂ ದುಡ್ಡು ಸಾಲದು. ಸಂಜೆ ಐದರ ಮೇಲೆ ಅವರು ಅಲ್ಲೇ ಇರುತ್ತಾರೆ, ಕೊಡುವವರು ಹೋಗಿ ಕೊಡಬಹುದು.