ಸತ್ಯಾಂಶ: ರೀಮ್ಯಾಪ್ ಮಾಡಿಸಿದರೆ ಹಳೇ ಕಾರು ಹೊಸದಾಗುತ್ತದೆಯೇ?

"ಏರ್ ಫಿಲ್ಟರ್, ಸೈಲೆನ್ಸರ್ ಬದಲಿಸಿ ರೀಮ್ಯಾಪ್ ಮಾಡಿಸಿ, ಹಳೇ ಕಾರಿಗೆ ಹೊಸ ಕಾರಿನ ಪವರ್ ಬರುತ್ತೆ. ಹೊಸದು ಕೊಳ್ಳೋದು ದಂಡ" ಎಂಬ ಮೆಸೇಜ್ ದಾವಣಗೆರೆಯ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡುತ್ತಿದೆ. ರೀಮ್ಯಾಪ್ ಅಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸುವುದು. ಮೆಸೇಜ್ ಅರ್ಧ ಮಾತ್ರ ನಿಜ.

ಟರ್ಬೊ (ಹೆಚ್ಚು ಗಾಳಿ ಒತ್ತಿ ತುಂಬುವ ಸಾಧನ) ಇರುವ ಎಂಜಿನ್ನಿಗಾದರೆ ರೀಮ್ಯಾಪ್‌ನಿಂದ ಎಳೆತ ಗೊತ್ತಾಗುವಷ್ಟು ಏರುತ್ತದೆ. ಟರ್ಬೊ ಇಲ್ಲದ ಸಣ್ಣ ಪೆಟ್ರೋಲ್ ಕಾರಿನಲ್ಲಿ ಹೆಚ್ಚುವುದು ಬಹುಪಾಲು ಸದ್ದೇ. ಇನ್ನು, ಏರಿದ ಟಾರ್ಕ್‌ನ (ಎಂಜಿನ್ನಿನ ತಿರುಗಿಸುವ ಬಲ) ಭಾರ ಮೊದಲು ಬೀಳುವುದು ಕ್ಲಚ್ ಮೇಲೆ. ಪ್ಲೇಟ್ ಸವೆದಿದ್ದರೆ, ಚಿತ್ರದುರ್ಗದ ಕಡೆ ಹೆದ್ದಾರಿ 48ರಲ್ಲಿ ಲಾರಿ ಹಿಂದಿಕ್ಕಲು ಆಕ್ಸಿಲರೇಟರ್ ಒತ್ತಿದಾಗ ಆರ್‌ಪಿಎಂ ಮುಳ್ಳು ಏರುತ್ತದೆ, ಗಾಡಿಯ ವೇಗ ಏರುವುದಿಲ್ಲ. ಒಳಗೆಲ್ಲ ಸುಟ್ಟ ವಾಸನೆ. ಬ್ರೇಕು, ತುಕ್ಕು ಹಿಡಿದ ಬಾಡಿ ಯಾವ ಸಾಫ್ಟ್‌ವೇರ್‌ಗೂ ಬಗ್ಗುವಂಥವಲ್ಲ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತಿರಿಕ್ತವಾಗಿ ಗಾಡಿ ಮಾರ್ಪಡಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟೂ ಇದನ್ನೇ ಹೇಳಿತು. ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಫಾರ್ವರ್ಡ್ ಮಾಡಿದವರು ಇದನ್ನು ಕಟ್ಟಿಕೊಡುವುದಿಲ್ಲ!

ಮೊದಲು ಕಂಪ್ರೆಷನ್ ಪರೀಕ್ಷೆ (ಸಿಲಿಂಡರ್ ಒಳಗಿನ ಒತ್ತಡ ಅಳೆಯುವುದು) ಮಾಡಿಸಿ. ತೀರಾ ಕುಸಿದಿದ್ದರೆ ಗಾಡಿ ಮಾರುವುದೇ ಲೇಸು. ಚೆನ್ನಾಗಿದ್ದರೆ ಇಂಜೆಕ್ಟರ್, ಕ್ಲಚ್, ಟೈರ್‌ಗೆ ದುಡ್ಡು ಹಾಕಿ. ಕಳೆದುಹೋದ ಎಳೆತ ಎಷ್ಟೋ ಸಲ ಅಲ್ಲೇ ವಾಪಸ್ ಬರುತ್ತದೆ.